ಲೆಟ್ಯೂಸಿಗೆ ಬಿದ್ದ ಒಗ್ಗರಣೆ

ಮಾಘ ಮಾಸದ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ರಾವಂದೂರಿನ ಪಕ್ಕದಲ್ಲಿರುವ ನನ್ನ ತಮ್ಮನ ಹೊಲ, ಅವನ ಮನೆಯ ಬಳಿಯ ಪಂಪ್‌ಹೌಸಿನ ಹಿಂಭಾಗ. ಹಾಜರಿದ್ದವರು ನಾನು, ತಮ್ಮ ಚೆಲುವೇಗೌಡ, ಅವನ ಹೆಂಡತಿ ರತ್ನ, ಮತ್ತು ಬದುವಿನ ಕಲ್ಲಿನ ಮೇಲೆ ಕೂತು ಎಲ್ಲರ ಕೆಲಸದಲ್ಲೂ ಕೊಂಕು ತೆಗೆಯುತ್ತಿದ್ದ ನಮ್ಮವ್ವ. ಏನನ್ನೇ ಬರೆಯಲು ಕೂತರೂ ಹೀಗೆ ಹೊತ್ತು, ಜಾಗ, ಹಾಜರಿ ಹಾಕದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಕೃಷ್ಣರಾಜನಗರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ನಿವೃತ್ತಿಯ ದಿನ ಕೊರಳಿಗೆ ಬಿದ್ದ ಹಾರ ಸಂಜೆಗೆ ಬಾಡಿತು, ಅಭ್ಯಾಸಗಳು ಮಾತ್ರ ಇನ್ನೂ ನಳನಳಿಸುತ್ತಿವೆ. ಈಗಲೂ ನಮ್ಮ ಮನೆಯ ಹಾಸಿಗೆಯ ಹೊದಿಕೆಗಳ ನಾಲ್ಕು ಮೂಲೆಗಳು ನನ್ನನ್ನು ಕಂಡರೆ ತಾವೇ ಮಡಚಿಕೊಳ್ಳುತ್ತವೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೊತ್ತಿಗೆ ಸರಿಯಾಗಿ, ಚೊಕ್ಕಟವಾಗಿ ಮಾಡಿದ ಕೆಲಸ ಕೆಡುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಆ ನಂಬಿಕೆಯನ್ನು ಕೆಡಿಸಿದ್ದು ಒಂದು ಎಲೆ.

ಆ ಎಲೆಯ ಹೆಸರು ಲೆಟ್ಯೂಸ್. ನೋಡದವರಿಗಾಗಿ ಪರಿಚಯ ಹೇಳುತ್ತೇನೆ. ದೂರದಿಂದ ನೋಡಿದರೆ ಎಲೆಕೋಸು ಅನ್ನಿಸುತ್ತದೆ. ಹತ್ತಿರ ಹೋದರೆ ಮದುವೆಗೆ ಹೊರಟ ಸೀರೆಯಂತೆ ನೆರಿಗೆ ಬಿಟ್ಟುಕೊಂಡು ಕೂತಿರುತ್ತದೆ. ರುಚಿ ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕಚ್ಚಿದಾಗ ಬರುವ ಕರಕ್ ಎಂಬ ಸದ್ದೇ ಅದರ ಬಂಡವಾಳ. ಅದರಲ್ಲೇ ಅಂಚು ಕೆಂಪಾದ ಇನ್ನೊಂದು ಜಾತಿಯುಂಟು, ಕೆಂಪು ಹರಿವೆಯ ದೂರದ ನೆಂಟನ ಹಾಗೆ. ಪಕ್ಕದ ಸಾಲಿನಲ್ಲಿದ್ದದ್ದು ರಾಕೆಟ್ ಎಂಬ ಸೊಪ್ಪು. ನೋಡಲು ಮೂಲಂಗಿ ಸೊಪ್ಪು, ತಿಂದರೆ ಸಾಸಿವೆಯಂತೆ ಮೂಗಿಗೆ ಏರುತ್ತದೆ. ಕೊನೆಯದು ಪಾರ್ಸ್ಲಿ. ಕೊತ್ತಂಬರಿಯ ವೇಷ ಹಾಕಿ, ಅದರ ಘಮವನ್ನು ಮನೆಯಲ್ಲೇ ಮರೆತು ಬಂದಂಥದ್ದು. ಇವನ್ನೆಲ್ಲ ಬೇಯಿಸದೆ, ಹಸಿಯಾಗಿ, ಊಟಕ್ಕೆ ಮೊದಲು ತಿನ್ನುವವರಿದ್ದಾರೆ ಎಂದಾಗ ನಮ್ಮವ್ವ ಬಾಯಿತುಂಬ ಎಲೆಅಡಿಕೆ ಜಗಿಯುತ್ತಲೇ, "ಅಸೀ ಎಲೆ ತಿನ್ನಕ್ಕೆ ಅವ್ರೇನು ಆಡು ಮೇಕೆನಾ?" ಎಂದು ಕೇಳಿದ್ದಳು. ಬಾಯಲ್ಲಿದ್ದದ್ದು ಏನು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಈ ಸೊಪ್ಪು ನಮ್ಮ ಹೊಲಕ್ಕೆ ಬಂದದ್ದು ರತ್ನಳಿಂದ. ಅವಳ ಅಣ್ಣ ಬೀಚನಹಳ್ಳಿಯ ಹತ್ತಿರದ ರೆಸಾರ್ಟೊಂದರಲ್ಲಿ ಜೀಪು ಓಡಿಸುತ್ತಾನೆ. ಅಲ್ಲಿನ ಅಡುಗೆಮನೆಗೆ ಊಟಿಯಿಂದ ಬರುವ ಈ ಎಲೆಗಳು ದಾರಿಯಲ್ಲೇ ಅರ್ಧ ಕೊಳೆಯುತ್ತವೆಂದು ತಿಳಿದು, ಅವನ ಕೈಲಿ ಬೀಜ ತರಿಸಿ, ನೀರಿಗೆ ಹತ್ತಿರದ ಎರಡು ಮಡಿಯಲ್ಲಿ ಬೆಳೆದಿದ್ದಳು. ಚೆಲುವ ಒಪ್ಪಿದ್ದು ಒಂದು ಕರಾರಿನ ಮೇಲೆ. "ರೆಸಾರ್ಟಿನ ಆ ಅಡುಗೆ ಭಟ್ಟ ಬಂದು ನೋಡ್ಲಿ. ಬ್ಯಾಡ ಅಂದ್ರೆ ನಾಳೀಕೆ ಟಿಲ್ಲರ್ ಹೊಡ್ಸಿ ಹೊಗೆಸೊಪ್ಪಿನ ಸಸಿಮಡಿ ಹಾಕ್ಬುಡ್ತೀನಿ. ಆಮ್ಯಾಕೆ ಮುಖ ಊದಿಸ್ಕಂಡು ಕೂರಂಗಿಲ್ಲ." ರತ್ನಳ ಪಾಲಿಗೆ ಹೊಲದಲ್ಲಿ ತನ್ನದು ಎನ್ನುವಂಥದ್ದು ಆ ಎರಡು ಮಡಿ ಮಾತ್ರ. ಅವಳು ನನಗೆ ಫೋನು ಮಾಡಿ, "ಅಕ್ಕ, ಭಾನ್ವಾರ ಭಟ್ರು ಬತ್ತರಂತೆ, ನೀವೇ ಬಂದು ನಿಂತ್ಕಬೇಕು ಕಣಕ್ಕ, ನಂಗೆ ಕೈಕಾಲು ಆಡ್ತಿಲ್ಲ" ಎಂದಳು.

ನನ್ನನ್ನೇ ಕರೆಯಲು ಕಾರಣವಿತ್ತು. ನಮ್ಮ ವಂಶದಲ್ಲಿ ಲೆಟ್ಯೂಸ್ ತಿಂದವಳು ನಾನೊಬ್ಬಳೇ. ಹಿಂದೊಮ್ಮೆ ಮೈಸೂರಿನ ಹೋಟೆಲಿನಲ್ಲಿ ನಡೆದ ಬೀಳ್ಕೊಡುಗೆಯ ಊಟದಲ್ಲಿ ಕಟ್ಲೆಟ್ಟಿನ ಕೆಳಗೆ ಒಂದು ಎಲೆ ಹಾಸಿದ್ದರು. ಉಳಿದವರು ಅದನ್ನು ಅಲಂಕಾರವೆಂದು ಬಿಟ್ಟರು. ತಟ್ಟೆಯಲ್ಲಿ ಏನನ್ನೂ ಬಿಡಬಾರದೆಂದು ಬೆಳೆದ ನಾನು ಅದನ್ನೂ ತಿಂದು, ಅಡಿಯಲ್ಲಿದ್ದ ಕಾಗದವೊಂದನ್ನು ಮಾತ್ರ ಉಳಿಸಿದೆ. ಅಷ್ಟು ಅನುಭವದ ಬಲದಿಂದ ಶನಿವಾರ ಸಂಜೆಯ ಬಸ್ಸಿಗೇ ಬಂದಿಳಿದೆ.

ಭಾನುವಾರ ಹೊತ್ತು ಏರುವ ಮೊದಲೇ ಕೊಯ್ಲು ಶುರುವಾಯಿತು. ಬಲಿತ ಮಡಿಯನ್ನು ಪೂರ್ತಿ ಖಾಲಿ ಮಾಡಿಸಿದೆ. "ಅರ್ಧ ಬುಡಣ ಅಕ್ಕ" ಎಂದು ರತ್ನ ಮೆಲ್ಲಗೆ ಅಂದಳು. ಅರ್ಧ ಕೊಯ್ದ ಮಡಿ ಅರ್ಧ ಬೋಳಿಸಿದ ತಲೆಯಂತೆ ಕಾಣುತ್ತದೆ, ಬಂದವರೆದುರು ಅದು ಚೆನ್ನಾಗಿರುವುದಿಲ್ಲ ಎಂದೆ. ಇನ್ನೊಂದು ಮಡಿಯಲ್ಲಿದ್ದದ್ದು ಬೆರಳುದ್ದದ ಸಸಿಗಳು. ಆಮೇಲೆ ತೊಳೆಯುವ ಕೆಲಸ. ಹಸಿ ತಿನ್ನುವ ವಸ್ತು, ತಿನ್ನುವವರು ರೆಸಾರ್ಟಿನ ಅತಿಥಿಗಳು. ನಾನು ಹಗುರವಾಗಿ ತೆಗೆದುಕೊಳ್ಳುವುದುಂಟೆ? ಬ್ಯಾಗಿನಲ್ಲಿ ಸೋಂಕು ಕಳೆಯುವ ಪರ್ಮಾಂಗನೇಟಿನ ಹರಳು ತಂದಿದ್ದೆ. ದೊಡ್ಡ ಬೋಸಿಯ ನೀರು ನೇರಳೆಯಾಯಿತು. ಎಲೆಗಳಿಗೆ ಸ್ನಾನವಾಯಿತು, ಮತ್ತೆ ಸಾದಾ ನೀರಿನಲ್ಲಿ ಸ್ನಾನವಾಯಿತು. ಒರೆಸಿ, ಸಣ್ಣಗೆ ಹೆಚ್ಚಿ, ತೊಳೆದ ಅದೇ ಬೋಸಿಗೆ ತುಂಬಿದಾಗ ಗೋಪುರದ ಹಾಗೆ ನಿಂತಿತು.

ಭಟ್ಟರು ಹನ್ನೊಂದಕ್ಕೆ ಬರುವುದಾಗಿ ಹೇಳಿದ್ದರು. ಹತ್ತೂವರೆಗೇ ಉಪ್ಪು ಬೆರೆಸಿದೆ, ನಿಂಬೆಹಣ್ಣು ಹಿಂಡಿದೆ, ಕಾಯಿ ತುರಿದು ಹಾಕಿದೆ. ಆದರೂ ಏನೋ ಕಡಿಮೆಯೆನಿಸಿತು. ನಮ್ಮ ಸೀಮೆಯಲ್ಲಿ ಚಟ್ಟಪಟ್ಟ ಎನ್ನುವ ಸಾಸಿವೆ ಬೀಳದ ಯಾವ ಸೊಪ್ಪೂ ಊಟದ ಲೆಕ್ಕಕ್ಕೆ ಬರುವುದಿಲ್ಲ. ಇಂಗು, ಒಣಮೆಣಸಿನಕಾಯಿ ಹಾಕಿ ಬಿಸಿ ಒಗ್ಗರಣೆ ಸುರಿದೆ. ಚುಂಯ್ ಎಂದಿತು. ಆ ಸದ್ದಿಗೆ ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಹನ್ನೊಂದಾಯಿತು, ಭಟ್ಟರಿಲ್ಲ. ಹನ್ನೆರಡಾಯಿತು. ರೆಸಾರ್ಟಿನಲ್ಲಿ ಭಾನುವಾರ ಅತಿಥಿಗಳು ಏಳುವುದೇ ತಡವಂತೆ, ತಿಂಡಿ ಮುಗಿಯುವುದು ಇನ್ನೂ ತಡವಂತೆ. ಇತ್ತ ಬೋಸಿಯಲ್ಲಿ ಉಪ್ಪಿಗೆ ನೀರುಬಿಟ್ಟ ಗೋಪುರ ಗುಡ್ಡವಾಯಿತು, ಗುಡ್ಡ ದಿಣ್ಣೆಯಾಯಿತು. ಜೀಪಿನ ಸದ್ದು ಕೇಳುವ ಹೊತ್ತಿಗೆ ತಳದ ನೀರಿನಲ್ಲಿ ಒಂದು ಹಿಡಿಯಷ್ಟು ಏನೋ ಮಲಗಿತ್ತು. ಅವ್ವ ಬಗ್ಗಿ ನೋಡಿ, "ಬಸ್ಸಾರಿಗೆ ಕಟ್ಟು ತಯಾರಾಗ್ಯದೆ, ಒಲೆ ಅಚ್ಚೋದೇ ಬ್ಯಾಡ ಬುಡು" ಎಂದಳು.

ಭಟ್ಟರ ಹೆಸರು ಪೊನ್ನಪ್ಪ, ಕೊಡಗಿನ ಕಡೆಯವರು, ಮಾತಿಗಿಂತ ಮೀಸೆ ಹೆಚ್ಚು. ಬೋಸಿಯನ್ನು ದಿಟ್ಟಿಸಿದರು.

"ಎಂತ ಇದು? ಬೇಯಿಸಿದ್ದಾ?"

"ಇಲ್ಲ, ಹಸಿಯೇ. ಶುದ್ಧವಾಗಿದೆ. ಪರ್ಮಾಂಗನೇಟಿನಲ್ಲಿ ತೊಳೆದಿದ್ದೇನೆ."

"ಯಾಕಮ್ಮ, ಎಲೆಗೆ ಗಾಯ ಆಗಿತ್ತಾ?"

ರೋಗಿಗಳನ್ನೂ ಅವರ ಬಂಧುಗಳನ್ನೂ ಒಂದೇ ಮಾತಿಗೆ ಸುಮ್ಮನಾಗಿಸಿದ ನಾನು ಅಂದು ಬೋಸಿಗೆ ತಟ್ಟೆ ಮುಚ್ಚಿದೆ. ಬೇರೆ ಎಲೆ ತೋರಿಸಿ ಎಂದರು. ಖಾಲಿ ಮಡಿ ತೋರಿಸಿದೆವು. ನನ್ನ ಶಿಸ್ತಿನಿಂದಾಗಿ ಅದು ಅಂಗೈಯಷ್ಟು ನುಣ್ಣಗಿತ್ತು. ಪೊನ್ನಪ್ಪ ಗಡಿಯಾರ ನೋಡಿಕೊಂಡರು. ಚೆಲುವ ಟಿಲ್ಲರಿನವನಿಗೆ ಫೋನು ಮಾಡಲು ಒಳಗೆ ನಡೆದ. ರತ್ನ ನಲ್ಲಿಯ ಹತ್ತಿರ ನಿಂತು ತೊಳೆದ ಚೊಂಬನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅವಳ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಆಗ ಜಗಲಿಯಿಂದ ಕರಕ್ ಎಂದು ಸದ್ದು ಬಂತು.

ಪೊನ್ನಪ್ಪ ಗಕ್ಕನೆ ತಿರುಗಿದರು. ಅವ್ವ ಎಲೆಅಡಿಕೆ ಡಬ್ಬಿ ತೆರೆದು ಕೂತಿದ್ದಳು. ವೀಳ್ಯದೆಲೆ ಬಾಡಬಾರದೆಂದು ಅವಳು ಸದಾ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾಳೆ. ಆ ವಾರ ಸಂತೆಯ ಎಲೆ ಮುಗಿದುಹೋಗಿತ್ತಂತೆ. ಬೆಳಗಿನ ಕೊಯ್ಲಿನಲ್ಲಿ ಒಂದು ಇಡೀ ಗಿಡವನ್ನು ಮಡಿಲಿಗೆ ಹಾಕಿಕೊಂಡು ಬಂದು, ತೊಳೆದು, ಅದೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಈಗ ಅದಕ್ಕೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಪರೀಕ್ಷೆ ಮಾಡುತ್ತಿದ್ದಳು.

"ಅಜ್ಜಿ, ಅದರಲ್ಲಿ ಒಂದು ಕೊಡಿ."

"ತಕ್ಕಳಪ್ಪ. ಸುಣ್ಣ ಹಚ್ಲಾ?"

"ಬೇಡ ಬೇಡ, ಹಾಗೇ."

ಪೊನ್ನಪ್ಪ ಒಂದು ತಿಂದರು, ಇನ್ನೊಂದು ತಿಂದರು. ಮೀಸೆ ಅಗಲವಾಯಿತು. "ಊಟಿಯದಕ್ಕಿಂತ ಚೆನ್ನಾಗಿ ಉಂಟು. ಆ ಇನ್ನೊಂದು ಮಡಿ ಬಲಿಯಲಿ, ವಾರಕ್ಕೆ ಎರಡು ಸಲ ಜೀಪು ಕಳಿಸ್ತೇನೆ. ಹೀಗೇ ಒದ್ದೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಡಿ." ಆಮೇಲೆ ನನ್ನ ಕಡೆಗೊಮ್ಮೆ ನೋಡಿ, "ಮತ್ತೆ ಎಂತದೂ ಮಾಡಬೇಡಿ. ತೊಳೆಯೋದು ನಾವೇ ತೊಳ್ಕೊಳ್ತೇವೆ" ಎಂದರು. ರತ್ನ ಚೊಂಬನ್ನು ಕೆಳಗಿಟ್ಟಳು.

ಅವ್ವ ಮಾತ್ರ ಮುಖ ಹಿಂಡಿಕೊಂಡು, "ಬಾಯೇ ಕೆಂಪಾಗಲ್ಲ ಕಣಪ್ಪ. ಇದ್ಕೆ ಕಾಸು ಕೊಡ್ತೀಯಾ?" ಎಂದಳು.

ಬೋಸಿಯಲ್ಲಿದ್ದದ್ದನ್ನು ಹಿಂಡಿ, ತೊಗರಿಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ರತ್ನ ಸಾರು ಮಾಡಿದಳು. ಪೊನ್ನಪ್ಪ ಎರಡು ಮುದ್ದೆ ನುಂಗಿದರು. ಟಿಲ್ಲರ್ ಬೇಡವೆಂದು ಹೇಳಿ ಬಂದಿದ್ದ ಚೆಲುವ ಬೆರಳು ನೆಕ್ಕುತ್ತ, "ಇದ್ಯಾವ ಸೊಪ್ಪು? ಚೆನ್ನಾಗದಲ್ಲ, ಇದ್ನೇ ಹಾಕಬಾರ್ದಾ?" ಎಂದ. ರತ್ನ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಸಂಜೆ ಬಸ್ಸಿಗೆ ಮೊದಲು ಎರಡು ಕೆಲಸ ಉಳಿದಿದ್ದವು. ಪರ್ಮಾಂಗನೇಟಿನ ಕಂದು ಕಲೆ ಹಿಡಿದಿದ್ದ ಬೋಸಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಬೋಸಿ ಬೆಳ್ಳಗಾಯಿತು, ನನ್ನ ಬೆರಳುಗಳು ಆಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಅವ್ವನಿಗೆ ಒಂದು ಕಟ್ಟು ವೀಳ್ಯದೆಲೆ ತಂದುಕೊಟ್ಟರು. ಅವಳು ಅದನ್ನು ನನ್ನ ಕೈಗಿಟ್ಟು ಸುತ್ತಿಡಲು ಹೇಳಿದಳು. ಬಟ್ಟೆಯನ್ನು ಒದ್ದೆ ಮಾಡಿ, ನಾಲ್ಕು ಮೂಲೆಯೂ ಸರಿಯಾಗಿ ಕೂರುವಂತೆ ಮಡಚಿ, ಡಬ್ಬಿಯಲ್ಲಿಟ್ಟೆ. ಅವ್ವ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ಉಪ್ಪು ಗಿಪ್ಪು ಹಾಕಿಲ್ಲ ತಾನೆ?"

ಇಲ್ಲ ಎಂದು ಹೇಳಿ ಮುಚ್ಚಳ ಹಾಕಿದೆ.