ಆತು ಎನ್ನದ ಅಕ್ಕ

ನನ್ನ ಅಕ್ಕನಿಗೊಂದು ಕಾಯಿಲೆಯಿದೆ. ಅಭಿಪ್ರಾಯದ ಕಾಯಿಲೆ! ಮದುವೆಗೆಂದು ಕುಮಟೆಗೆ ಹೋದರೂ ಬಸ್ಸಿಳಿದವಳು ಮೊದಲು ಹುಡುಕುವುದು ಸಲಹಾ ಪೆಟ್ಟಿಗೆಯನ್ನು. ಊಟ ತಪ್ಪಿದರೂ ಅಡ್ಡಿಯಿಲ್ಲ, ಸಲಹೆ ತಪ್ಪಬಾರದು.

ಕೊಡಲಿ, ನನಗೇನು? ಆದರೆ ಅವಳ ಸಲಹೆಯನ್ನು ಜನ ಕೇಳುತ್ತಾರಲ್ಲ, ಅದೇ ನನ್ನ ಹೊಟ್ಟೆಯುರಿ. ಕನ್ನಡ ಎಂ.ಎ. ಮಾಡಿದವಳು ನಾನು. ಅವಳು ಏಳನೇ ತರಗತಿ, ಬೆಳಕೆ ಊರಿನಲ್ಲಿ ಒಣಮೀನು ಮಾರುವವಳು. ಒಮ್ಮೆ ಆಸ್ಪತ್ರೆಯ ಅಭಿಪ್ರಾಯ ಪುಸ್ತಕದಲ್ಲಿ ಬರೆದಳು: "ನರ್ಸಮ್ಮ ಸೂಜಿ ಚುಚ್ಚಿದ್ದು ಗೊತ್ತೇ ಆಗ್ಲಿಲ್ಲ. ಫ್ಯಾನು ತಲೆ ಮೇಲೆ ಬೀಳ್ತದೆ ಅಂತ ಅದನ್ನೇ ನೋಡ್ತಾ ಇದ್ದೆ." ಮುಂದಿನ ವಾರ ಹೊಸ ಫ್ಯಾನು! ಈಗ ಅಲ್ಲಿ ಅವಳು ಹೋದರೆ ಕುರ್ಚಿ. ನಾನು ಹೋದರೆ, "ಚೀಟಿ ಮಾಡ್ಸಿದ್ರಾ?"

ನಾನೂ ಸುಮ್ಮನೆ ಕೂರಲಿಲ್ಲ. ಹೊನ್ನಾವರದಿಂದ ಬರುವ ಬಸ್ಸು ನಮ್ಮ ಹೆಬಳೆ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆಯುವಷ್ಟರಲ್ಲಿ ನನ್ನ ಮೊಣಕಾಲು ಪ್ರಾಣ ಹಿಂಡುತ್ತಿತ್ತು. ಡಿಪೋಗೆ ಮೂರು ಪುಟದ ಮನವಿ ಕೊಟ್ಟೆ. ಉಪಮಾಲಂಕಾರಗಳೇ ನಾಲ್ಕಿದ್ದವು! ತಿಂಗಳಾದರೂ ಬಸ್ಸು ನಿಲ್ಲಲಿಲ್ಲ. ಅಕ್ಕನ ಮುಂದೆ ಗೊಣಗಿದೆ.

"ಡಿಪೋದವ್ರು ಫೋನ್ ಮಾಡ್ಲಿಲ್ವನೇ?"

"ಮಾಡಿದ್ರು. ಕ್ರಾಸಲ್ಲಿ ಬಸ್ ನಿಲ್ಲೂ ವಿಷ್ಯ ಅಂದ್ರು. ಆತು, ಆತು ಅಂದೆ."

"ಎಂತ? ಆತು ಅಂದ್ಯಾ? ಕೆಲ್ಸ ಮುಗೀತು ಅಂತ ಬರ್ಕಂಡಿರ್ತಾರೆ ಮಾರಾಯ್ತಿ! ಹೊಸ ಸಾಹೇಬ್ರು ಘಟ್ಟದ ಮೇಲಿನವ್ರು, ನಮ್ಮ ಆತು ಅಂದ್ರೆ ಬರೀ ಹೂಂ ಅಂತ ಅವ್ರಿಗೆಲ್ಲಿ ಗೊತ್ತು? ಕೆಲ್ಸ ಆಗೂವರೆಗೆ ನಾನು ಆತು ಅಂತ ಬಾಯೇ ಬಿಡೂದಿಲ್ಲ."

ಎರಡೇ ಎರಡು ಅಕ್ಷರ ನನ್ನ ಎಂ.ಎ.ಯನ್ನು ಮುಳುಗಿಸಿದ್ದವು. ಅಕ್ಕ ಬಿದ್ದು ಬಿದ್ದು ನಕ್ಕಳು. ಎರಡು ದಿನ ಅವಳೊಡನೆ ಮಾತು ಬಿಟ್ಟೆ.

ಮರುವಾರ ಬಸ್ಸು ಕ್ರಾಸಿನಲ್ಲಿ ನಿಂತಿತು! "ನಿಮ್ಮಕ್ಕ ಬರ್ದಿದ್ರಲ್ಲ" ಎಂದರು ಕಂಡಕ್ಟರ್. ನನ್ನ ಮೂರು ಪುಟಕ್ಕೆ ನಿಲ್ಲದ ಬಸ್ಸು ಇವಳಿಗೆ ನಿಂತಿತೇ? ಮನೆಗೂ ಹೋಗದೆ ಸೀದಾ ಡಿಪೋಗೆ ಹೋಗಿ ಅಭಿಪ್ರಾಯ ಪುಸ್ತಕ ಕೇಳಿದೆ. ಕಾಗುಣಿತ ತಪ್ಪಿದ್ದರೆ ತಿದ್ದಲೆಂದು ಪೆನ್ನು ಹಿಡಿದೇ ಓದಿದೆ.

"ನನ್ನ ತಂಗಿ ಆತು ಅಂದ್ರೆ ನಂಬಬೇಡಿ. ಸಣ್ಣಕ್ಕಿದ್ದಾಗಿಂದ ಅವಳು ಹಾಗೇ. ಜ್ವರ ಬಂದಾಗ ಗಂಜಿ ಆತಾ ಅಂದ್ರೆ ಆತು. ಗಂಡ ತೀರಿಹೋದಾಗ ಊಟ ಆತಾ ಅಂದ್ರೆ ಆತು. ಒಂದೂ ಆಗಿರ್ಲಿಲ್ಲ. ಅವಳಿಗೆ ಕಾಲು ಬಹಳ ನೋಯ್ತದೆ. ಬಸ್ಸು ನಿಲ್ಸಿ."

"ಎಂತ ಆತು ಅಕ್ಕೋರೆ?" ಗುಮಾಸ್ತರು ಗಾಬರಿಯಿಂದ ಎದ್ದು ನಿಂತರು.

"ಕಾಲು ನೋಯ್ತದೆ" ಎಂದು ಅಲ್ಲೇ ಕೂತು ಅತ್ತುಬಿಟ್ಟೆ.