ತಡವಾಗಿ ತಲುಪಬೇಕಾದ ಪುಸ್ತಕ

ಡೆಟ್‌ಲೆಫ್ ಬ್ರಿಂಕ್‌ಮನ್‌ಗೆ ಬೇಕಾಗಿದ್ದದ್ದು ಹೇಳಿದ ದಿನಕ್ಕೆ ಕೆಲಸ ಮುಗಿಸದ ಒಂದು ಕಂಪನಿ. ಸೆಲ್ಲೆ ಪಟ್ಟಣದಲ್ಲಿ ನವೆಂಬರಿನ ಆ ಶನಿವಾರ ಬೆಳಗ್ಗೆಯಿಂದ ಮಂಜು ಕಿಟಕಿಗೆ ಅಂಟಿಕೊಂಡು ಕೂತಿತ್ತು, ಅವನು ಲ್ಯಾಪ್‌ಟಾಪಿಗೆ ಅಂಟಿಕೊಂಡು ಕೂತಿದ್ದ. ಫೋಟೊ ಪುಸ್ತಕ ಅಚ್ಚುಹಾಕಿ ಕಳಿಸುವ ಆನ್‌ಲೈನ್ ಕಂಪನಿಗಳೆಲ್ಲ ‘ಬೇಗ’, ‘ಇನ್ನೂ ಬೇಗ’ ಎಂದು ಹಲ್ಲು ಕಿರಿಯುತ್ತಿದ್ದವು. ನೋಡನೋಡುತ್ತ ಅವನಿಗೆ ತಲೆಕೆಟ್ಟಿತು.

ಬರುವ ಗುರುವಾರ ಅವನ ಅಣ್ಣ ಫೋಲ್ಕರ್‌ಗೆ ಅರವತ್ತು ತುಂಬುತ್ತಿತ್ತು. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆ ಹೇಳಿದರೂ ಕೇಡು ಎಂದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಡೆಟ್‌ಲೆಫ್‌ಗೂ ಗೊತ್ತಿತ್ತು. ಆದರೂ ಅಣ್ಣನ ಐವತ್ತಕ್ಕೆ, ನಾಳೆ ಎಲ್ಲಿ ಮರೆತುಬಿಡುತ್ತೇನೋ ಎಂದು ಹಿಂದಿನ ಸಂಜೆಯೇ ಫೋನ್ ಮಾಡಿ ಶುಭಾಶಯ ಹೇಳಿಬಿಟ್ಟಿದ್ದ. ಅವತ್ತು ರಾತ್ರಿಯೇ ಕೀಲ್ ಬಂದರಿನಲ್ಲಿ ಕಟ್ಟಿಹಾಕಿದ್ದ ಅಪ್ಪನ ದೋಣಿ, ಗಾಳಿಯಿಲ್ಲ ಮಳೆಯಿಲ್ಲ, ಸುಮ್ಮನೆ ಮುಳುಗಿತು. ಅಲ್ಲಿಂದ ಅಣ್ಣ ಮಾತು ಬಿಟ್ಟ. ತಮ್ಮ ಕಳಿಸಿದ ಪಾರ್ಸೆಲ್‌ಗಳು ಕೈಬರಹ ಕಂಡದ್ದೇ ವಾಪಸು ಬಂದವು.

ಆದ್ದರಿಂದ ಈ ಉಪಾಯ. ಅಪ್ಪನ ಮತ್ತು ದೋಣಿಯ ಹಳೆಯ ಫೋಟೊಗಳ ಒಂದು ಪುಸ್ತಕ, ಕಂಪನಿಯ ಡಬ್ಬಿಯಲ್ಲೇ ನೇರ ಅಣ್ಣನ ಮನೆಗೆ. ಶುಕ್ರವಾರ ತಲುಪಿದರೂ ಸೈ, ಶನಿವಾರವಾದರೂ ಸೈ. ಬುಧವಾರ ಮಾತ್ರ ಕೂಡದು. ಇನ್ನು ಹತ್ತು ವರ್ಷ ಹೀಗೇ ಕಳೆದರೆ ಇಬ್ಬರಲ್ಲಿ ಮಾತಾಡಲು ಯಾರು ಉಳಿದಿರುತ್ತಾರೋ ಎಂಬ ಹೆದರಿಕೆ ಈಚೆಗೆ ಅವನ ಊಟವನ್ನೇ ಕೆಡಿಸಿತ್ತು.

ಮೇಲಿನ ಮಹಡಿಯ ಲುಡ್ಕೆ ಅಮ್ಮ ಪತ್ರಿಕೆಯೊಂದನ್ನು ಹಿಡಿದು ಒಳಬಂದರು.

“ಬ್ರಿಂಕ್‌ಮನ್ ಅವರೇ, ಎಲ್ಲಾ ಕಂಪನಿಗೂ ಪರೀಕ್ಷೆ ಮಾಡಿ ಮಾರ್ಕ್ಸ್ ಕೊಟ್ಟಿದಾರೆ ನೋಡಿ. ಮೊದಲನೇ ನಂಬರಿನವರು ಮೂರೇ ದಿನಕ್ಕೆ ಕೊಡ್ತಾರಂತೆ!”

“ಕೊನೇ ನಂಬರು ಯಾರ್ದು?”

“ಅದ್ಯಾಕೆ ನಿಮಗೆ? ಪುಸ್ತಕ ಬರೋದ್ರೊಳಗೆ ಜನ ಮುದುಕರಾಗ್ತಾರಂತೆ.”

ಡೆಟ್‌ಲೆಫ್‌ನ ಮುಖ ಅರಳಿತು. “ಹೆಸರು ಹೇಳಿ!”

ಲುಡ್ಕೆ ಅಮ್ಮ ಅವನ ಹಣೆ ಮುಟ್ಟಿ ನೋಡಿದರು. ದೋಣಿ ಮುಳುಗಿಸಿದ ಕತೆ ಹೇಳಲು ಅವನಿಗೆ ನಾಚಿಕೆ; ಗುರುವಾರ ಅಣ್ಣನಿಗೆ ಅರವತ್ತು, ಅದಕ್ಕೆ ಎಂದಷ್ಟೇ ಹೇಳಿದ. ಅಷ್ಟರಲ್ಲಿ ಕೆಳಗಿನ ಮನೆಯ ಕೋರ್ಡೆಸ್, ಈ ವಾರ ಮೆಟ್ಟಿಲು ಒರೆಸುವ ಸರದಿ ಯಾರದು ಎಂದು ಜಗಳಕ್ಕೆ ಬಂದವರು, ಜಗಳ ಮರೆತು ಕುರ್ಚಿ ಎಳೆದುಕೊಂಡರು.

“ಒಡಹುಟ್ಟಿದ ಅಣ್ಣನಿಗೆ ಕೊನೇ ನಂಬರಾ? ಏನ್ರೀ ನೀವು! ದಪ್ಪ ಹಾಳೆ ಹಾಕ್ಸಿ, ಚರ್ಮದ ರಟ್ಟು ಹಾಕ್ಸಿ.”

ಇಬ್ಬರ ಒತ್ತಾಯಕ್ಕೆ ಮೊದಲನೇ ನಂಬರಿನ ಕಂಪನಿಯಲ್ಲಿ ಫೋಟೊಗಳನ್ನು ಜೋಡಿಸಿದ್ದಾಯಿತು. ಅದು ಪ್ರತಿ ಪುಟದಲ್ಲೂ ಅಪ್ಪನ ತಲೆ ಹಾರಿಸಿ ದೋಣಿಯನ್ನಷ್ಟೇ ಉಳಿಸಿತು. ಇನ್ನೊಂದರಲ್ಲಿ ಜೋಡಿಸಿದರೆ ಪುಸ್ತಕದ ಮಡಿಕೆಯಲ್ಲಿ ಅಣ್ಣನ ಮೂಗು ಮಾಯ. ಕೋರ್ಡೆಸ್ ‘ಪರವಾಗಿಲ್ಲ, ಹೇಗೂ ಉದ್ದ ಮೂಗು, ಸ್ವಲ್ಪ ಹೋದರೆ ಹೋಗಲಿ’ ಎಂದರು. ಕತ್ತಲಾಗುತ್ತ ಬಂತು, ಲುಡ್ಕೆ ಅಮ್ಮ ತಂದ ಕೇಕೂ ಮುಗಿಯಿತು. ಡೆಟ್‌ಲೆಫ್ ಹಟ ಹಿಡಿದು ಕೊನೆಯ ನಂಬರಿನವರ ಪುಟವನ್ನೇ ತೆರೆದ. ‘ಕ್ರಿಸ್‌ಮಸ್‌ಗೆ ಕೇಳಿದ್ದು ಈಸ್ಟರ್‌ಗೆ ಬಂತು’ ಎಂದು ಯಾರೋ ಶಪಿಸಿದ್ದನ್ನು ಓದಿ ಅವನಿಗೆ ಜೀವ ಬಂದಂತಾಯಿತು.

ಅಲ್ಲಿ ಅಪ್ಪನ ತಲೆ ಉಳಿಯಿತು, ಅಣ್ಣನ ಮೂಗೂ ಉಳಿಯಿತು. ಸಮಾಧಾನದಿಂದ ಒಳಗೆ ಹೋಗಿ ಮೂವರಿಗೂ ಕಾಫಿ ಮಾಡಿ ತಂದ. ಕಣ್ಣು ಉರಿಯುತ್ತಿತ್ತು. ಏನನ್ನೂ ಮತ್ತೆ ಓದದೆ ಕೊನೆಯ ಗುಂಡಿ ಒತ್ತಿದ.

ಬುಧವಾರ ಮಧ್ಯಾಹ್ನ ಫೋನ್ ಬಂತು.

“ನಾನು ಕಣೋ, ಫೋಲ್ಕರ್.”

ಹತ್ತು ವರ್ಷದ ಮೇಲೆ ಕೇಳಿದ ದನಿ. ಡೆಟ್‌ಲೆಫ್‌ಗೆ ಕಣ್ಣು ತುಂಬಿ ಬಂತು. “ಅಣ್ಣಾ!”

“ಪುಸ್ತಕ ಬಂತು. ಕೆಳಗಡೆ ಬಾಗಿಲಲ್ಲೇ ಡಬ್ಬಿ ಬಿಚ್ಚಿ, ಮೆಟ್ಟಿಲು ಹತ್ತುತ್ತಾ ರಟ್ಟು ಓದಿದೆ. ‘ಅರವತ್ತರ ಶುಭಾಶಯ, ನಿನ್ನ ತಮ್ಮ’ ಅಂತಿತ್ತು. ಇವತ್ತು ಯಾವ ವಾರ?”

“ಬು… ಬುಧವಾರ.”

“ಹೂಂ. ಅದು ನೆನಪಾಗಿದ್ದೇ ಎದೆ ಝಲ್ಲಂತು, ಕಾಲು ತಪ್ಪಿತು. ಎಡಗಾಲು ಮುರ್ದಿದೆ. ಆಸ್ಪತ್ರೆಯಿಂದ ಮಾತಾಡ್ತಿದೀನಿ.”

ಆ ಕಡೆ ಹಾಳೆ ಮಗುಚಿದ ಸದ್ದು ಕೇಳಿಸಿತು.

“ಅಪ್ಪ ದೋಣೀಲಿ ನಿಂತು ನಗೋ ಫೋಟೊ ಚೆನ್ನಾಗಿದೆ ಕಣೋ. ಅವನ ನಗು ನಂಗೆ ಮರ್ತೇ ಹೋಗಿತ್ತು.”

“ಹಾಗಾದ್ರೆ… ನಾಳೆ ಬರ್ಲಾ ಅಣ್ಣ?”

“ಇನ್ನೊಂದು ಕಾಲು ಚೆನ್ನಾಗಿರೋದು ನಿಂಗೆ ಇಷ್ಟ ಇಲ್ವಾ? ಎಪ್ಪತ್ತು ಆಗ್ಲಿ, ನೋಡೋಣ.” ಫೋನ್ ಇಟ್ಟುಬಿಟ್ಟ.

ಬಾಗಿಲು ತಟ್ಟಿದ ಸದ್ದಾಯಿತು. ಲುಡ್ಕೆ ಅಮ್ಮ ಹೊಸ ಕೇಕ್ ಹಿಡಿದು ನಿಂತಿದ್ದರು, ಮುಖದ ತುಂಬ ನಗು.

“ಮುಟ್ಟಿತಾ? ಆ ಸೋಮಾರಿಗಳನ್ನ ನಂಬಿ ಕೂತ್ರೆ ಆಗುತ್ತಾ? ಮೊನ್ನೆ ನೀವು ಕಾಫಿ ಮಾಡೋಕೆ ಹೋದಾಗ ‘ಎಕ್ಸ್‌ಪ್ರೆಸ್’ ಅನ್ನೋ ಕಡೆ ಗುರುತು ಹಾಕಿದ್ದು ನಾನೇ! ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ.”

“ನಾಳೆ ನಾಡಿದ್ದಲ್ಲ, ಇವತ್ತೇ ಮುಟ್ಟಿತು,” ಎಂದ ಡೆಟ್‌ಲೆಫ್. “ಬುಧವಾರ.”

“ಅದಕ್ಕೇನೀಗ? ಡಬ್ಬಿ ಹಾಗೇ ಇಟ್ಟಿರ್ತಾರೆ. ಹುಟ್ಟುಹಬ್ಬಕ್ಕೆ ಮುಂಚೆ ಬಿಚ್ಚೋಕೆ ನಿಮ್ಮಣ್ಣ ಏನು ಪೆದ್ದರಾ?”

ಡೆಟ್‌ಲೆಫ್ ಕೇಕ್ ಇಸಿದುಕೊಂಡು ಮೇಜಿನ ಮೇಲಿಟ್ಟ. ಆಮೇಲೆ ಬಕೆಟ್ಟು ಬಟ್ಟೆ ತೆಗೆದುಕೊಂಡು, ಸರದಿ ಯಾರದೆಂದು ಕೇಳದೆ, ಮೆಟ್ಟಿಲು ಒರೆಸಲು ಹೋದ.