ಸೊಂಟದಿಂದ ಬಗ್ಗಬೇಕು

ಗಿರಿರಾಜನ ಬೆನ್ನು ಹಿಡಿದುಕೊಳ್ಳಲು ಮೂಲ ಕಾರಣ, ಪಕ್ಕದ ಮನೆಯ ಬಸವಲಿಂಗಪ್ಪನವರು ಯಾವುದೋ ಕಾಲದಲ್ಲಿ ಜಪಾನಿಗೆ ಹೋಗಿಬಂದಿದ್ದು.

ರಾಜಾಜಿನಗರದ ವಾಲ್ವ್ ಫ್ಯಾಕ್ಟರಿಯೊಂದರಲ್ಲಿ ಗಿರಿರಾಜನಿಗೆ ಸೇಲ್ಸ್ ಕೆಲಸ. ಅಲ್ಲಿಯ ವಿದೇಶ ಪ್ರವಾಸಗಳೆಲ್ಲ ಮಾಲೀಕ ತಮ್ಮಣ್ಣನವರ ಬಾಮೈದ ವೀರೇಶನ ಪಾಲು. ಗಿರಿರಾಜನ ಪಾಸ್‌ಪೋರ್ಟು ಒಂದು ಮುದ್ರೆಯನ್ನೂ ಕಾಣದೆ ಬೀರುವಿನಲ್ಲೇ ಮುದಿಯಾಗುತ್ತಿತ್ತು. ಈ ಸಲ ಮಾತ್ರ ಜಪಾನಿನ ಒಸಾಕಾದ ಕಂಪನಿಯವರು, ವಾಲ್ವ್ ಗೊತ್ತಿರುವವರನ್ನೇ ಕಳಿಸಿ ಎಂದು ಪಟ್ಟು ಹಿಡಿದಿದ್ದರು. ನಾಳೆ ವಿಮಾನ. ಹೆಂಡತಿ ಹೇಮಶ್ರೀ ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಿದ್ದಳು.

ಬಸವಲಿಂಗಪ್ಪನವರು ಬೆಳಿಗ್ಗೆಯೇ ಬಂದು ಕೂತರು. "ಅಲ್ಲಿ ಟಿಪ್ಸ್ ಕೊಟ್ರೆ ಬೇಜಾರ್ ಮಾಡ್ಕೋತಾರೆ. ರೈಲಲ್ಲಿ ಫೋನ್ ಮಾತಾಡಂಗಿಲ್ಲ. ವಿಸಿಟಿಂಗ್ ಕಾರ್ಡ್ ಎರಡೂ ಕೈಲಿ, ಪ್ರಸಾದ ಕೊಟ್ಟಂಗೆ ಕೊಡ್ಬೇಕು. ಎಲ್ಲಕ್ಕಿಂತ ಮುಖ್ಯ ಬಗ್ಗೋದು. ಎಲ್ಲಿ, ಬಗ್ಗು ನೋಡೋಣ."

ಗಿರಿರಾಜ ಬಗ್ಗಿದ.

"ಇದೇನಯ್ಯ, ಕಾಲಿನ ಸೊಳ್ಳೆ ಹೊಡೆಯೋನ ಥರ! ಸೊಂಟದಿಂದ ಬಗ್ಬೇಕು. ಇನ್ನೂ... ಇನ್ನೂ..."

ಒಳಗೆಲ್ಲೋ ಹಪ್ಪಳ ಮುರಿದಂತೆ ಸದ್ದಾಯಿತು.

"ಹಾಂ, ಇದು ಜಪಾನು! ಸಾಕು, ಏಳು."

"ಆಗ್ತಿಲ್ಲ ಸಾರ್," ಎಂದು ನೆಲದ ಕಡೆಯಿಂದ ದನಿ ಬಂತು.

ಹೇಮಶ್ರೀ ಎಣ್ಣೆ ತಿಕ್ಕಿದಳು. ಬಸವಲಿಂಗಪ್ಪನವರು ಭುಜ ಹಿಡಿದು ಒಮ್ಮೆ ಜಗ್ಗಿದರು. ಅಲ್ಲಿಯವರೆಗೆ ನೇರವಾಗಿ ಬಾಗಿದ್ದವನು ಈಗ ಎಡಕ್ಕೂ ವಾಲಿದ. ಅಷ್ಟರಲ್ಲಿ ತಮ್ಮಣ್ಣನವರ ಫೋನು.

"ಗಿರಿ, ಒಸಾಕಾದ ತನಾಕಾ ಅವರು ಚೆನ್ನೈಗೆ ಬಂದೋರು ಇಲ್ಲಿಗೂ ಬಂದ್ಬಿಟ್ಟಿದಾರೆ ಕಣಯ್ಯ! ಅವರು ನಿನ್ನ ನೋಡಿ ಒಪ್ಪಿದ್ರೆ ಮಾತ್ರ ನಾಳೆ ಹೊರಡೋದು. ಬೇಗ ಬಾ."

"ಬೆನ್ನಿನ ಸುದ್ದಿ ಎತ್ಬೇಡಿ. ನರಳ್ತಿರೋನ್ನ ಯಾರು ಕಳಿಸ್ತಾರೆ?" ಎಂದಳು ಹೇಮಶ್ರೀ. ಅವಳ ಕಣ್ಣು ತುಂಬಿತ್ತು.

ಬಸವೇಶ್ವರನಗರದ ಆಟೋದವನು ಅವನನ್ನು ನೋಡಿ ತಾನೂ ರಸ್ತೆಯಲ್ಲಿ ಬಗ್ಗಿದ. "ಏನ್ ಬೀಳಿಸ್ಕೊಂಡ್ರಿ ಸಾರ್? ಹುಡುಕ್ಲಾ?" ಗಿರಿರಾಜ ಬಗ್ಗಿಕೊಂಡೇ ಆಟೋದೊಳಗೆ ನುಸುಳಿದ. ಪ್ರತಿ ರಸ್ತೆಯುಬ್ಬಿಗೂ ಹಲ್ಲು ಕಚ್ಚಿದ.

ಫ್ಯಾಕ್ಟರಿಯಲ್ಲಿ ಅವನಿಗೆ ಕಂಡದ್ದು ಬರೀ ಶೂಗಳು. ಹೊಳೆಯುವ ಕಪ್ಪು ಜೋಡಿಯ ಮುಂದೆ ನಿಂತು, ಎರಡೂ ಕೈಯಲ್ಲಿ ಕಾರ್ಡು ಚಾಚಿದ. ಭಾರತದ ರೀತಿನೀತಿಗಳನ್ನು ತನಾಕಾ ಕೂಡ ಓದಿಕೊಂಡೇ ಬಂದಿದ್ದರು. ಕಾಲಿಗೆ ಬಾಗಿದವರನ್ನು ಹರಸಬೇಕೆಂದು ಅವರಿಗೆ ಗೊತ್ತಿತ್ತು. ಸುಕ್ಕುಗಟ್ಟಿದ ಮುದಿ ಕೈಯೊಂದು ಗಿರಿರಾಜನ ತಲೆಯ ಮೇಲೆ ಮೆಲ್ಲಗೆ ಕೂತಿತು. ಅವನು ಗೆದ್ದೆ ಅಂದುಕೊಂಡ.

ತನಾಕಾ ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದರು.

"ಗಿರಿ, ಅವರ ಕಣ್ಣಲ್ಲಿ ನೀರು ಬಂದ್ಬಿಟ್ಟಿದೆ!" ಎಂದರು ತಮ್ಮಣ್ಣ. "ಇಂಥಾ ಮರ್ಯಾದೆ ಅವರ ದೇಶದಲ್ಲೂ ಕಂಡಿಲ್ವಂತೆ. ಇನ್ಮೇಲೆ ಅವರೇ ಇಲ್ಲಿಗೆ ಬರ್ತಾ ಇರ್ತಾರಂತೆ. ಬಂದಾಗೆಲ್ಲ ಎದುರುಗೊಳ್ಳೋಕೆ ನೀನೇ ಇರ್ಬೇಕಂತೆ. ನಿನ್ನನ್ನ ಎಲ್ಲೂ ಕಳಿಸ್ಬಾರ್ದಂತೆ."

"ಮತ್ತೆ... ನಾಳೆ ಒಸಾಕಾಗೆ ಸಾರ್?"

"ವಾಲ್ವ್ ಮಾತು ಇಲ್ಲೇ ಆಗುತ್ತಲ್ಲ, ಅಲ್ಲಿಗೆ ವೀರೇಶ ಹೋಗ್ತಾನೆ ಬಿಡು."

ಎದುರಿನ ಸಾಲಿನಲ್ಲಿ ವೀರೇಶನ ಶೂ ಯಾವುದೆಂದು ಗಿರಿರಾಜನಿಗೆ ಆಗ ತಿಳಿಯಿತು. ಅದೊಂದೇ ಜೋಡಿ ಸಣ್ಣಗೆ ಕುಣಿಯುತ್ತಿತ್ತು.